ಹೆಂಚಿನ ಒಳಮೈ

ಮೊನ್ನೆಯ ಗಾಳಿಮಳೆಗೆ ನಮ್ಮ ಸೌದೆ ಕೊಟ್ಟಿಗೆಯ ಹೆಂಚೊಂದು ಜಾರಿ ಬೇಲಿಯಾಚೆ ಬಿತ್ತು. ಕೆಸುವಿನ ಬುಡದ ಕೆಸರಿಗೆ ಬಿದ್ದದ್ದರಿಂದ ಒಡೆಯಲಿಲ್ಲ. "ಅಕ್ಕಾ, ನಿಮ್ಮ ಹೆಂಚು ನಮ್ಮ ಕ್ಲಾಸಿಗೆ ಬಂದಿದೆ. ಸಂಜೆವರೆಗೆ ಕೊಡುವುದಿಲ್ಲ" ಎಂದು ಪಕ್ಕದ ಮನೆಯಾಕೆ ದಾಸವಾಳದ ಸಂದಿಯಿಂದ ಕೂಗಿದಳು. ನೋಡಿದರೆ ಜಗಲಿಯಲ್ಲಿ ಅವಳ ಇಬ್ಬರು ಮಕ್ಕಳು ಹೆಂಚನ್ನು ಕವುಚಿ ಹಾಕಿ, ಒಳಮೈ ಮೇಲೆ ಕಾಗದ ಹಾಸಿ ಪೆನ್ಸಿಲ್ ಉಜ್ಜುತ್ತಿದ್ದರು. ಒಂದೊಂದೇ ಇಂಗ್ಲಿಷ್ ಅಕ್ಷರ ಎದ್ದು ಬಂತು: ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865, ಮಂಗಳೂರು.

ಆ ಮಕ್ಕಳು ಶಾಲೆಗೆ ಹೋಗುವುದಿಲ್ಲ, ತಾಯಿಯೇ ಮನೆಯಲ್ಲಿ ಕಲಿಸುತ್ತಾಳೆ. ಅವರದು ಹಳೆಯ ಪ್ರೊಟೆಸ್ಟೆಂಟ್ ಮನೆತನ. ಈ ಮಳೆಗಾಲಕ್ಕೆ ಮಿಷನರಿಗಳ ಜೀವನಚರಿತ್ರೆ ತೆಗೆದುಕೊಂಡಿದ್ದಾಳೆ.

"ಎಲ್ಲಿಗೆ ಮುಟ್ಟಿತು ಮಾರಾಯ್ತಿ ಪಾಠ?" ಎಂದೆ.

"ವಿಲಿಯಂ ಕೇರಿಯಿಂದ ಶುರು ಮಾಡಿದ್ದೆ ಅಕ್ಕ. ಪುಸ್ತಕದಲ್ಲಿ ಎಲ್ಲರೂ ದೇವದೂತರ ಹಾಗೆ. ಮಕ್ಕಳಿಗೆ ಹತ್ತಿರ ಆಗಲೇ ಇಲ್ಲ. ಈಗ ನಮ್ಮ ಮಂಗಳೂರಿನ ಬಲ್ಮಠದ ಬಾಸೆಲ್ ಮಿಷನ್‌ಗೇ ಇಳಿದಿದ್ದೇನೆ."

ಅದು ನನಗೆ ಹಿಡಿಸಿತು. ತಲೆಯ ಮೇಲಿನ ಮಾಡೇ ಪಾಠವಾದರೆ ಯಾವ ಮಗು ಮರೆತೀತು? 1865 ಎಂಬುದು ಹೆಂಚು ಸುಟ್ಟ ವರ್ಷವಲ್ಲ, ಪ್ಲೆಬ್ಸ್ಟ್ ಎಂಬ ಮಿಷನರಿ ಇಲ್ಲಿ ಕಾರ್ಖಾನೆ ಶುರು ಮಾಡಿದ ವರ್ಷ ಎಂದು ದೊಡ್ಡವಳು ನನಗೇ ಹೇಳಿಕೊಟ್ಟಳು. ಆ ಕಾಲದಲ್ಲಿ ಮತ ಬದಲಿಸಿದವರನ್ನು ಮನೆಯವರು, ಜಾತಿಯವರು ಹೊರಗೆ ಹಾಕುತ್ತಿದ್ದರು. ಕುಲಕಸುಬೂ ಹೋಯಿತು, ಅನ್ನವೂ ಹೋಯಿತು. ಅಂಥವರ ಕೈಗೆ ಕೆಲಸ ಬೇಕೆಂದೇ ಮಿಷನ್ ಮಗ್ಗ ಹಾಕಿತು, ಹೆಂಚು ಸುಟ್ಟಿತು.

ಚಿಕ್ಕವ ತಾನು ಬರೆದ ಪತ್ರಿಕೆಯನ್ನೂ ತೋರಿಸಿದ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ 'ಮಂಗಳೂರ ಸಮಾಚಾರ' ತೆಗೆದದ್ದನ್ನು ಕೇಳಿ ಇವನೂ ಓಣಿಯ ಸಮಾಚಾರ ಬರೆದಿದ್ದಾನೆ. ನಮ್ಮ ಹೆಂಚು ಬಿದ್ದದ್ದೇ ಮೊದಲ ಸುದ್ದಿ! ಕ್ರಿಸ್ತನ ಮಾತು ಹೇಳಲು ಬಂದ ಅದೇ ಮೋಗ್ಲಿಂಗ್ ಜೈಮಿನಿ ಭಾರತವನ್ನೂ ದಾಸರ ಪದಗಳನ್ನೂ ಅಚ್ಚು ಹಾಕಿಸಿದರು ಎಂದು ನಾನು ಸೇರಿಸಿದೆ.

"ಕಿಟೆಲ್ ಕಥೆ ಹೇಳಿದೆಯಾ?"

"ಹೇಳದೆ ಉಂಟಾ! 1853ರಲ್ಲಿ ಬಂದಾಗ 21 ವರ್ಷದ ಹುಡುಗ. ಅವರ ಕನ್ನಡ ನಿಘಂಟು ಅಚ್ಚಾಗುವಾಗ 1894. ಸುಮಾರು 70,000 ಪದ ಅಕ್ಕ!"

ನನಗೆ ಮುಖ್ಯ ಅನ್ನಿಸುವುದು ಅಲ್ಲಿಯೇ. ಬಂದದ್ದು ಬೋಧಿಸಲಿಕ್ಕೆ, ಕೂತದ್ದು ಕಲಿಯಲಿಕ್ಕೆ. ನಮ್ಮವರ ಎದುರು ಕೂತು ಅ ಆ ಇ ಈ ತಿದ್ದದೆ ಕಿಟೆಲ್ ಕಿಟೆಲ್ ಆಗುತ್ತಿರಲಿಲ್ಲ. ಪದದ ಅರ್ಥ ಕೊಟ್ಟು ಸುಮ್ಮನಾಗದೆ ಎಷ್ಟೋ ಕಡೆ ಜನರ ಬಾಯಿಯ ಗಾದೆಯನ್ನೂ ಪಕ್ಕದಲ್ಲಿ ಕೂರಿಸಿದ್ದಾರೆ. ಮಕ್ಕಳಿಗೆ ಮಿಷನರಿಯನ್ನು ತೋರಿಸುವುದಾದರೆ ಮೊದಲು ವಿದ್ಯಾರ್ಥಿಯಾಗಿ ತೋರಿಸು ಎಂದೆ.

ಆಕೆ ಸ್ವಲ್ಪ ಹೊತ್ತು ಬೇಲಿಗೂಟ ಹಿಡಿದು ನಿಂತಳು. "ಒಂದು ಕಡೆ ಸಿಕ್ಕಿಬಿದ್ದೆ ಅಕ್ಕ. ಆನಂದರಾವ್ ಕೌಂಡಿನ್ಯರ ಕಥೆ ಹೇಳುತ್ತಿದ್ದೆ. ಸಾರಸ್ವತರ ಹುಡುಗ, 1844ರಲ್ಲಿ ಮೋಗ್ಲಿಂಗರಿಂದ ದೀಕ್ಷಾಸ್ನಾನ ಪಡೆದ, ಬಾಸೆಲ್‌ನಲ್ಲಿ ಓದಿ ಪಾದ್ರಿಯಾಗಿ ಬಂದ. ನಾನು ಖುಷಿಯಲ್ಲಿ ಹೇಳುತ್ತಿದ್ದರೆ ಮಗಳು 'ಅವರ ಅಮ್ಮ ಅಳಲಿಲ್ವಾ?' ಅಂತ ಕೇಳಿದಳು. ಎಂತ ಹೇಳುವುದು?"

"ಬೇಗ ಉತ್ತರ ಕೊಟ್ಟು ಮುಗಿಸಬೇಡ," ಎಂದೆ. "ಅವನಿಗೆ ಅದು ನಂಬಿಕೆ, ಮನೆಗೆ ಅದು ಗಾಯ. ಎರಡೂ ನಿಜ. ನಿನ್ನ ಮಕ್ಕಳು ಎರಡನ್ನೂ ತಿಳಿದು ಬೆಳೆದರೆ ನಾಳೆ ನಮ್ಮಂಥವರ ಮನೆಗೂ ಸಂಕೋಚವಿಲ್ಲದೆ ಬರುತ್ತಾರೆ, ತಮ್ಮ ಚರ್ಚಿಗೂ ತಲೆಯೆತ್ತಿ ಹೋಗುತ್ತಾರೆ. ಕಲಿಸಿದ ಪಂಡಿತರು, ಹೆಂಚಿನ ಕೆಲಸ ಮಾಡಿದ ಹೆಂಗಸರು, ಕಲ್ಲಚ್ಚು ಒತ್ತಿದವರು, ಇವರಿಗೂ ಪಾಠದಲ್ಲಿ ಒಂದು ಜಾಗ ಇಡು."

ಸಂಜೆ ಚಿಕ್ಕವ ಹೆಂಚು ಹಿಂದಕ್ಕೆ ತಂದ. ಜೊತೆಗೆ ಪೆನ್ಸಿಲ್ ಉಜ್ಜಿದ ಕಾಗದವನ್ನೂ ಕೊಟ್ಟ. ಕಾರ್ಖಾನೆಯ ಹೆಸರಿನ ಕೆಳಗೆ, ಅಂಚಿನ ಹತ್ತಿರ, ಹಸಿ ಮಣ್ಣಿಗೆ ತಾಗಿದ ಮೂರು ಬೆರಳುಗಳ ಗುರುತು ಮೂಡಿತ್ತು. "ಇದು ಯಾರದ್ದು ದೊಡ್ಡಮ್ಮ?" ಎಂದು ಅದರ ಮೇಲೆ ತನ್ನ ಮೂರು ಬೆರಳು ಇಟ್ಟು ನೋಡಿದ.