ಮೂಷಕ ಮೀಮಾಂಸೆ ಅಥವಾ ಎಣ್ಣೆ ಹಾಕಿದ ಇಲಿಯ ಪ್ರಮಾಣ ವಿಚಾರ

ವಿಘ್ನೇಶ್ವರನಿಗೂ, ಅವನಿಗಿಂತ ಒಂದು ಕೈ ಹೆಚ್ಚಾಗಿ ಅವನ ವಾಹನಕ್ಕೂ ವಂದಿಸಿ ಈ ಗ್ರಂಥಕ್ಕೆ ಕೈಹಾಕಿದ್ದೇನೆ. ಬೆಟ್ಟ ಅಗೆದು ಇಲಿ ಹಿಡಿದವರನ್ನು ಕಂಡರೆ ಲೋಕ ನಗುತ್ತದೆ. ಇಲಿ ಹಿಡಿದು ಅದರೊಳಗಿಂದ ಬೆಟ್ಟ ಹೊರತೆಗೆದವರಿಗೆ ಡಾಕ್ಟರೇಟ್ ಕೊಡುತ್ತದೆ. ನನ್ನ ವಿಷಯ ಎರಡನೆಯ ಪಂಗಡದ್ದು.

ಮೊದಲಿಗೆ ವಿಷಯನಿರೂಪಣೆ. ಕಾಲರಾ ಬಾರದಿರಲೆಂದು ನಲ್ಲಿ ನೀರಿಗೆ ಕ್ಲೋರಿನ್ ಹಾಕುತ್ತಾರೆ. ನೀರಿನಲ್ಲಿ ಕೊಳೆತ ಎಲೆಕಡ್ಡಿಯ ಸಾರವಿದ್ದರೆ ಕ್ಲೋರಿನ್ ಅದರ ಜೊತೆ ಸಂಸಾರ ಹೂಡಿ ಕ್ಲೋರೋಫಾರಂ ಮೊದಲಾದ ಸಂತಾನ ಪಡೆಯುತ್ತದೆ. ಈ ಗುಟ್ಟಿನ ಸಂಸಾರವನ್ನು 1974ರಲ್ಲಿ ರಾಟರ್‌ಡ್ಯಾಮಿನ ನೀರಿನಲ್ಲಿ ಬಯಲಿಗೆಳೆದವರು ಯೋಹಾನೆಸ್ ರೂಕ್. ಕುಡಿದವರಿಗೆ ಕ್ಯಾನ್ಸರ್ ಬರುತ್ತದೆಯೇ ಎಂಬ ಪ್ರಶ್ನೆ ಎದ್ದಿತು. ಮನುಷ್ಯರಿಗೆ ಕುಡಿಸಿ ನೋಡುವುದು ಮರ್ಯಾದೆಯಲ್ಲವಾದ್ದರಿಂದ ಇಲಿಯನ್ನು ಕೇಳಲಾಯಿತು.

ಅಕ್ಕಿ ಡಬ್ಬದ ಹಿಂದೆ ಕುಳಿತ ಅಬ್ಬೇಪಾರಿ ಇಲಿಯ ಸಾಕ್ಷಿ ಇಲ್ಲಿ ನಡೆಯದು. ಗೋತ್ರಪ್ರವರ ಒಪ್ಪಿಸಬಲ್ಲ ಇಲಿಯೇ ಬೇಕು. ಬಿ6ಸಿ3ಎಫ್1 ಎಂಬುದು ಅಂಥ ಕುಲೀನ: ತಾಯಿ ಸಿ57ಬಿಎಲ್/6 ವಂಶದವಳು, ತಂದೆ ಸಿ3ಎಚ್ ವಂಶದವನು, ಎಫ್1 ಎಂದರೆ ಆ ಸಂಬಂಧದ ಮೊದಲ ತಲೆಮಾರು. ಈ ವಂಶದ ಗಂಡುಗಳಿಗೆ ಯಾರೂ ಏನೂ ಕುಡಿಸದಿದ್ದರೂ ಲಿವರಿನಲ್ಲಿ ಗಡ್ಡೆ ಏಳುವ ಚಾಳಿ ಉಂಟು. ಇರಲಿ, ಯಾವ ಜಾತಕದಲ್ಲಿ ದೋಷವಿಲ್ಲ?

ಪೂರ್ವಪಕ್ಷ. 1976ರಲ್ಲಿ ಅಮೆರಿಕದ ನ್ಯಾಷನಲ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ತನ್ನ ಪ್ರಯೋಗದ ಫಲ ಪ್ರಕಟಿಸಿತು. ಕ್ಲೋರೋಫಾರಂ ಅನ್ನು ಮೆಕ್ಕೆಜೋಳದ ಎಣ್ಣೆಯಲ್ಲಿ ಬೆರೆಸಿ, ಗಂಟಲಿಗೆ ನಳಿಗೆ ಇಳಿಸಿ, ನೇರ ಹೊಟ್ಟೆಗೆ ಹೊಯ್ದಿದ್ದರು. ವಾರಕ್ಕೆ 5 ದಿನ, 78 ವಾರ. (ಉಳಿದೆರಡು ದಿನದ ರಜೆ ಇಲಿಗೋ, ಹೊಯ್ಯುವವರಿಗೋ ಎಂಬುದು ಬೇರೆ ಪ್ರಬಂಧದ ವಸ್ತು.) ಅತಿ ಹೆಚ್ಚು ಹೊಯ್ಸಿಕೊಂಡ 45 ಗಂಡಿಲಿಗಳಲ್ಲಿ 44ಕ್ಕೆ, 41 ಹೆಣ್ಣಿಲಿಗಳಲ್ಲಿ 39ಕ್ಕೆ ಲಿವರ್ ಕ್ಯಾನ್ಸರ್.

ಉತ್ತರಪಕ್ಷ. ನಲ್ಲಿ ನೀರನ್ನು ಎಣ್ಣೆಯಲ್ಲಿ ಕಲಸಿ ಕುಡಿಯುವವರು ಯಾವ ಊರಲ್ಲಿದ್ದಾರೆ? 1985ರಲ್ಲಿ ಯಾರ್ಗೆನ್ಸನ್ ಮತ್ತು ಸಂಗಡಿಗರು ಅದೇ ಕುಲದ ಹೆಣ್ಣಿಲಿಗಳಿಗೆ ಕುಡಿಯುವ ನೀರಿನಲ್ಲೇ ಕ್ಲೋರೋಫಾರಂ ಇಟ್ಟರು: ಲೀಟರಿಗೆ 1800 ಮಿಲಿಗ್ರಾಂವರೆಗೆ, 104 ವಾರ. ಆ ನಾತಕ್ಕೆ ಮೊದಮೊದಲು ಕೆಲವು ಇಲಿಗಳು ನೀರನ್ನೇ ಮುಟ್ಟದೆ ಸತ್ತವು. ಕುಡಿದು ಬದುಕಿದವಕ್ಕೆ ಲಿವರಿನ ಗಡ್ಡೆ ಹೆಚ್ಚಲಿಲ್ಲ.

ಇನ್ನು ಸಿದ್ಧಾಂತ. ಎಣ್ಣೆ ಹಾಕಿದರೆ ಲಿವರ್ ಹೋಗುತ್ತದೆ, ನೀರು ಕುಡಿದರೆ ಹೋಗುವುದಿಲ್ಲ. ಇದನ್ನು ನಮ್ಮ ಬೀದಿಯ ಹೆಂಗಸರು ಸರ್ಕಾರದ ಅನುದಾನವಿಲ್ಲದೆ, ಒಂದೇ ಒಂದು ಇಲಿಯನ್ನೂ ನೋಯಿಸದೆ, ರಾತ್ರಿ ಹನ್ನೊಂದರ ನಂತರ ಬಾಗಿಲಲ್ಲಿ ನಿಂತು ಎಂದೋ ಮಂಡಿಸಿದ್ದಾರೆ.

ಮೇಲಿನ ಸೂತ್ರಕ್ಕೆ ಭಾಷ್ಯ: ಲಿವರ್ ಕ್ಲೋರೋಫಾರಂ ಅನ್ನು ಒಡೆದು ಫಾಸ್‌ಜೀನ್ ಮಾಡುತ್ತದೆ, ಅಂದರೆ ಮೊದಲ ಮಹಾಯುದ್ಧದಲ್ಲಿ ಕಂದಕಗಳ ಮೇಲೆ ಬಿಟ್ಟ ಅದೇ ವಿಷಾನಿಲ. ಗುಟುಕು ಗುಟುಕಾಗಿ ಬಂದರೆ ಜೀವಕೋಶಗಳು ಹೇಗೋ ಸುಧಾರಿಸಿಕೊಳ್ಳುತ್ತವೆ. ಒಂದೇ ಏಟಿಗೆ ಕೊಡ ಕವುಚಿದರೆ ಸಾಯುತ್ತವೆ, ಸತ್ತವುಗಳ ಜಾಗಕ್ಕೆ ಹೊಸವು ಅವಸರದಲ್ಲಿ ಹುಟ್ಟುತ್ತವೆ. ಆ ಅವಸರದ ಕಟ್ಟೋಣ ದಿನವೂ ನಡೆದರೆ ಗಡ್ಡೆ. ಇಲಿಯನ್ನು ಕೆಡಿಸಿದ್ದು ಕ್ಲೋರೋಫಾರಮ್ಮೇ ಹೌದು, ಆದರೆ ನಳಿಗೆಗೂ ಅದರಲ್ಲಿ ಪಾಲುಂಟು.

ಹಾಗಾದರೆ ಮನುಷ್ಯನ ಗತಿಯೇನು? ಕ್ಯಾನ್ಸರ್ ಸಂಶೋಧನೆಯ ಅಂತಾರಾಷ್ಟ್ರೀಯ ಸಂಸ್ಥೆ ಕ್ಲೋರೋಫಾರಮನ್ನು 2ಬಿ ಪಂಕ್ತಿಯಲ್ಲಿ ಕೂರಿಸಿದೆ: ಕ್ಯಾನ್ಸರ್ ತಂದರೂ ತಂದೀತು. ಶ್ರವಣಬೆಳಗೊಳದ ಕಡೆಯವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಜೈನರ ಸ್ಯಾದ್ವಾದದಲ್ಲಿ ಇಂಥ ಭಂಗಿಗಳು ಏಳಿವೆ. ಅಮೆರಿಕದ ಪರಿಸರ ಸಂರಕ್ಷಣಾ ಏಜೆನ್ಸಿ 1998ರಲ್ಲಿ ಕ್ಲೋರೋಫಾರಂನ ಗುರಿ ಸೊನ್ನೆ ಎಂದು ಬರೆಯಿತು. ಒಂದು ಮಿತಿಯ ಕೆಳಗೆ ಅಪಾಯವಿಲ್ಲವೆಂದು ನಿಮ್ಮ ವಿಜ್ಞಾನವೇ ಹೇಳುತ್ತಿರುವಾಗ ಸೊನ್ನೆ ಎಲ್ಲಿಂದ ಬಂತೆಂದು ನ್ಯಾಯಾಲಯ 2000ದಲ್ಲಿ ಅದನ್ನು ಹೊಡೆದುಹಾಕಿತು. 2006ರಲ್ಲಿ ಗುರಿ ಲೀಟರಿಗೆ 70 ಮೈಕ್ರೋಗ್ರಾಂ ಆಯಿತು. ಕ್ಲೋರೋಫಾರಮಿಗೂ ಅದರ ಒಡಹುಟ್ಟುಗಳಿಗೂ ಒಟ್ಟಾಗಿ ಕಾನೂನಿನ ಮಿತಿ 80. ಇಲಿಗೆ ಇಟ್ಟ ಮೇಲಿನ ಪ್ರಮಾಣ ಇದರ 22,500 ಪಟ್ಟು; ಲೆಕ್ಕವನ್ನು ಹಾಲಿನ ಚೀಟಿಯ ಹಿಂದೆ ಎರಡು ಸಲ ಮಾಡಿ ನೋಡಿದ್ದೇನೆ.

ಪರಿಶಿಷ್ಟ, ದೊಡ್ಡಿಲಿಗಳ ಕುರಿತು. 1985ರ ಪ್ರಯೋಗದಲ್ಲಿ ಹೆಗ್ಗಣದ ಗಾತ್ರದ ಆಸ್ಬರ್ನ್-ಮೆಂಡೆಲ್ ಗಂಡುಗಳೂ ಇದ್ದವು. ಅತಿ ಹೆಚ್ಚು ಕುಡಿದವುಗಳಲ್ಲಿ ಕಿಡ್ನಿಯ ಗಡ್ಡೆ ಹೆಚ್ಚಿತು, ಇದನ್ನು ಮುಚ್ಚಿಡಲಾರೆ. ನಾತದ ನೀರನ್ನು ಅವು ಕಡಿಮೆ ಕುಡಿಯುತ್ತಿದ್ದುದರಿಂದ ಹೋಲಿಕೆಗೆಂದು ಇನ್ನೊಂದು ನಿರಪರಾಧಿ ಗುಂಪಿಗೆ ಶುದ್ಧ ನೀರನ್ನೇ ಅಷ್ಟೇ ಅಳೆದು ಕೊಟ್ಟರು; ಯಾರದೋ ವ್ರತಕ್ಕೆ ಇವುಗಳ ಉಪವಾಸ. ಬೇಕಾದಷ್ಟು ಶುದ್ಧ ನೀರು ಕುಡಿದು, ತಿಂದು, ಮೈಬಿಟ್ಟ ಇಲಿಗಳು ಮಾತ್ರ ಬೇಗ ಸತ್ತವು. ವಿಷ ಕುಡಿದು ಸೊರಗಿದವು ಅವಕ್ಕಿಂತ ಹೆಚ್ಚು ಕಾಲ ಬದುಕಿದವು.

ಈ ಪರಿಶಿಷ್ಟವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದೆ. ಬ್ಲೀಚಿಂಗ್ ಪೌಡರಿನ ವಾಸನೆ ಹೋಗಲೆಂದು ಪಾತ್ರೆಯ ಮುಚ್ಚಳ ತೆಗೆದು ನೀರು ಕುದಿಸುತ್ತಿದ್ದಾಕೆ ನನ್ನ ಹೊಟ್ಟೆಯ ಕಡೆ ನೋಡಿ, "ಹಾಗಾದ್ರೆ ರಾತ್ರಿಗೆ ಚಪಾತಿ ಎರಡೇ ಸಾಕಲ್ಲ?" ಎಂದಳು.