ಗುಂಡು, ಗಂಡ, ಗುರಿ

ಎಚ್-1ಬಿ ವೀಸಾದಲ್ಲಿರುವವರು ಅಮೆರಿಕದಲ್ಲಿ, ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ, ಪಿಸ್ತೂಲು ಹಾಗಿರಲಿ, ತೋಟಾ ಕೂಡ ಇಟ್ಟುಕೊಳ್ಳುವಂತಿಲ್ಲ. ನನಗೆ ಗ್ರೀನ್ ಕಾರ್ಡ್ ಬಂತು. ಬೆನ್ನಿಗೇ ಶೂಟಿಂಗ್ ರೇಂಜಿನ ಚಟವೂ ಬಂತು. 9 ಎಂಎಂ ತೋಟಾ ಡಬ್ಬಿಗಟ್ಟಲೆ ಖಾಲಿಯಾಗತೊಡಗಿದಾಗ ಹೆಂಡತಿಗೆ ಹೇಳಿದೆ: "ಖಾಲಿ ಹಿತ್ತಾಳೆ ಕೊಳವೆ ಹೇಗೂ ಇದೆ, ಮನೆಯಲ್ಲೇ ತುಂಬಿಕೊಂಡರೆ ದುಡ್ಡು ಉಳಿಯುತ್ತೆ ಕಣೇ." ಆ ಉಳಿತಾಯಕ್ಕೆಂದು ಪ್ರೆಸ್ಸು, ಡೈ, ತಕ್ಕಡಿ, ಕ್ಯಾಲಿಪರ್ ಎಲ್ಲ ಟೆಕ್ಸಾಸಿನ ನಮ್ಮ ಗ್ಯಾರೇಜಿಗೆ ಬಂದವು. ಉಳಿತಾಯವೊಂದು ಇನ್ನೂ ಬರಬೇಕಷ್ಟೆ.

ಅಕ್ರೋಡ್ ಚಿಪ್ಪಿನ ಪುಡಿಯಲ್ಲಿ ಕೊಳವೆಗಳನ್ನು ಗಡಗಡ ಅಲುಗಿಸಿ ಹೊಳಪು ಬರಿಸುವ ಯಂತ್ರವನ್ನು ನೋಡಿ, ತೀರ್ಥಹಳ್ಳಿಯಿಂದ ಬಂದಿದ್ದ ಅತ್ತೆಗೆ ಬಹಳ ಸಂತೋಷವಾಯಿತು. "ಅಳಿಯಂದಿರು ಹಿತ್ತಾಳೆ ಬೆಳಗ್ತಾರಲ್ಲೇ!"

"ನಮ್ಮನೆ ಪಾತ್ರೆ ಅಲ್ಲಮ್ಮ" ಎಂದಳು ಮಗಳು.

ಈ ಕೆಲಸದಲ್ಲಿ ಶಿಸ್ತು ಮಾತ್ರ ತಮಾಷೆಯಲ್ಲ. ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಮದ್ದಿನ ಡಬ್ಬಿ. ಅಳತೆ ಕೈಪಿಡಿಯದು, ನಮ್ಮ ತಲೆಯದಲ್ಲ. ಕೆಲವು ಮದ್ದುಗಳು ಎಂಥ ಮೋಸಗಾರರೆಂದರೆ ಒಂದೇ ಕೊಳವೆಗೆ ಎರಡು ಸಲ ಬಿದ್ದರೂ ಹೊರಗೆ ಚೆಲ್ಲುವುದಿಲ್ಲ. ಹೊಡೆದರೆ ಪಿಸ್ತೂಲೇ ಒಡೆದುಹೋಗಬಹುದು. ಮದ್ದೇ ಬೀಳದಿದ್ದರೆ ಗುಂಡು 'ಠುಸ್' ಎಂದು ನಳಿಗೆಯಲ್ಲೇ ಕೂರುತ್ತದೆ, ಹಿಂದಿನಿಂದ ಇನ್ನೊಂದು ಹೊಡೆದರೆ ನಳಿಗೆಯ ಗತಿ ಮುಗಿಯಿತು. ಆದ್ದರಿಂದ ಗುಂಡು ಕೂರಿಸುವ ಮೊದಲು ಪ್ರತಿ ಕೊಳವೆಯೊಳಗೂ ಟಾರ್ಚು ಬಿಟ್ಟು ಇಣುಕುತ್ತೇನೆ. ಟಿವಿ ಇಲ್ಲ, ಫೋನಿಲ್ಲ. ಮಧ್ಯೆ ಯಾರಾದರೂ "ರೀ" ಎಂದರೆ ಅರ್ಧವಾದದ್ದನ್ನೆಲ್ಲ ಸುರಿದು ಮೊದಲಿನಿಂದ ಶುರು. ಹೆಂಡತಿಗೆ ಇದು ಗೊತ್ತಾದ ಮೇಲೆ "ರೀ"ಗಳು ಹೆಚ್ಚಾಗಿವೆ.

ಮದ್ದಿಗೆ ಕಿಡಿ ಹಚ್ಚುವ ಕೇಪು, ಗುಂಡುಗಳಿಂದ ಸೀಸ ಕೈಗೆ ಹತ್ತುತ್ತದೆ, ಅದು ಮಕ್ಕಳಿಗೆ ವಿಷ. ಹೀಗಾಗಿ ಕೈ ತೊಳೆದು ಬಟ್ಟೆ ಬದಲಾಯಿಸದೆ ಒಳಗೆ ಕಾಲಿಡುವಂತಿಲ್ಲ. ನನ್ನಜ್ಜಿ ಇಡೀ ಜನ್ಮದಲ್ಲಿ ನನ್ನಿಂದ ಮಾಡಿಸಲಾಗದ ಮಡಿಯನ್ನು ಪಿಸ್ತೂಲು ಮಾಡಿಸಿದೆ.

ಮದ್ದು ತೂಗುವುದು ಗ್ರೇನ್ ಲೆಕ್ಕದಲ್ಲಿ, ಒಂದು ಪೌಂಡಿಗೆ 7000 ಗ್ರೇನ್. ನನ್ನ ತಕ್ಕಡಿ ಗ್ರೇನಿನ ಹತ್ತನೇ ಒಂದು ಭಾಗವನ್ನೂ, ಅಂದರೆ ಸುಮಾರು ಆರೂವರೆ ಮಿಲಿಗ್ರಾಮನ್ನೂ, ತೋರಿಸುತ್ತದೆ. ಫ್ಯಾನಿನ ಗಾಳಿಗೂ ಅದರ ಅಂಕಿ ಓಲಾಡುತ್ತದೆಂದು ಸೆಖೆಯಲ್ಲೇ ಬೆವರುತ್ತ ಕೂರುತ್ತೇನೆ. "ಮೊನ್ನೆ ಸಾರಿಗೆ ಉಪ್ಪು ಹಾಕುವಾಗ ಈ ತಕ್ಕಡಿ ಎಲ್ಲಿ ಹೋಗಿತ್ತು?" ಎಂದು ಹೆಂಡತಿ ಕೇಳಿದಳು. ಮಾತಾಡಿದರೆ ಲೆಕ್ಕ ತಪ್ಪುತ್ತದೆ ಎಂದು ಸನ್ನೆ ಮಾಡಿದೆ. ಈ ಹವ್ಯಾಸದ ನಿಜವಾದ ಲಾಭ ಇದೇ ಇರಬೇಕು.

ನಷ್ಟವೂ ಇದೆ. ಅಂಗಡಿಯ ತೋಟಾ ಹೊಡೆಯುತ್ತಿದ್ದಾಗ ಗುರಿ ತಪ್ಪಿದರೆ "ಏನು ಮಾಲು ಕಳಿಸ್ತಾರೋ!" ಎಂದು ತಲೆಯಾಡಿಸಿದರೆ ಸಾಕಿತ್ತು. ಈಗ ನನ್ನ ತೋಟಾಗಳೆಲ್ಲ ಒಂದೇ ತೂಕ, ಒಂದೇ ಉದ್ದ, ಡಬ್ಬಿಯ ಮೇಲೆ ತಾರೀಖಿನ ಚೀಟಿ. ಕಾಗದದ ಮೇಲಿನ ತೂತುಗಳು ಮಾತ್ರ ಊರಿಗೊಬ್ಬರಂತೆ ಚದುರಿವೆ. ಸದ್ಯಕ್ಕೆ ನನ್ನ ಅನುಮಾನವೆಲ್ಲ ಕನ್ನಡಕದ ಮೇಲಿದೆ. ಹೊಸದು ಮಾಡಿಸಬೇಕೆಂದೆ. ಅವಳು ಉಳಿತಾಯದ ಖಾತೆಯಿಂದಲೇ ದುಡ್ಡು ತೆಗೆದುಕೊಳ್ಳಿ ಎಂದಿದ್ದಾಳೆ.