ತುಪ್ಪ ಯಾವ ಲೆಕ್ಕಕ್ಕೆ?

ಆಸ್ಟ್ರೇಲಿಯಾದಲ್ಲಿ ಕ್ಯಾಲೊರಿ ಲೆಕ್ಕ ಬರೆಯಲು ಹೊರಟವರಿಗೆ ಮೊದಲ ತೊಡಕು, ಇಲ್ಲಿ ಕ್ಯಾಲೊರಿಯೇ ಸಿಗದಿರುವುದು. ಬ್ರೆಡ್ಡಿನ ಪೊಟ್ಟಣ, ಮೊಸರಿನ ಡಬ್ಬಿ, ಬರ್ಗರ್ ಅಂಗಡಿಯ ಬೋರ್ಡು, ಎಲ್ಲೆಲ್ಲೂ ಕಿಲೋಜೂಲ್. ದೊಡ್ಡವರಿಗೆ ದಿನಕ್ಕೆ ಸರಾಸರಿ 8,700 ಅಂತೆ. ಅದನ್ನು 4.184ರಿಂದ ಭಾಗಿಸಿದರೆ ಸುಮಾರು 2,080 ಕ್ಯಾಲೊರಿ. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದೀರಿ ಎಂದು ಡಾಕ್ಟರು ಹೇಳಿದಾಗಿನಿಂದ ನಮ್ಮ ಮನೆಯವರು ಈ ಭಾಗಾಕಾರದಲ್ಲೇ ಮುಳುಗಿದ್ದಾರೆ. ಎಸ್ಸೆಸ್ಸೆಲ್ಸಿಯಲ್ಲಿ ಇಷ್ಟು ಲೆಕ್ಕ ಮಾಡಿದ್ದರೆ ಪೇಪರಿನಲ್ಲಿ ಫೋಟೋ ಬರುತ್ತಿತ್ತು ಅನ್ನುವುದು ಹಾಸನದಿಂದ ಬಂದಿರುವ ನಮ್ಮತ್ತೆಯ ಅಭಿಪ್ರಾಯ.

ಮೊಬೈಲಿಗೆ ಆ್ಯಪ್ ಬಂತು. ಉಪ್ಪಿಟ್ಟು ಅಂತ ಹುಡುಕಿದರೆ ಹತ್ತಾರು ಉಪ್ಪಿಟ್ಟು. ಒಂದರಲ್ಲಿ ಇದ್ದದ್ದು ಇನ್ನೊಂದರಲ್ಲಿ ದುಪ್ಪಟ್ಟು. ಯಾರೋ ಪುಣ್ಯಾತ್ಮರು ಅವರವರ ಮನೆಯದನ್ನು ಅವರವರಿಗೆ ತೋಚಿದಂತೆ ತುಂಬಿಸಿದ್ದು. ನಮ್ಮವರು ಕಡಿಮೆ ಇರುವುದನ್ನೇ ಆರಿಸಿಕೊಂಡರು. ಫೋಟೋ ತೆಗೆದರೆ ತಾನೇ ಗುರುತು ಹಿಡಿಯುವ ಇನ್ನೊಂದು ಆ್ಯಪ್ ರಾಗಿಮುದ್ದೆಯನ್ನು ಚಾಕೊಲೇಟ್ ಟ್ರಫಲ್ ಅಂದಿತು, ಗಾತ್ರ ನೋಡಿ ಇಡೀ ದಿನದ ಕೋಟಾ ಅದಕ್ಕೇ ಬರೆದುಬಿಟ್ಟಿತು.

ಆಮೇಲೆ ತಕ್ಕಡಿ. ತಕ್ಕಡಿಗೂ ಅನ್ನಕ್ಕೂ ಒಂದು ಹಳೇ ವ್ಯಾಜ್ಯವಿದೆ. ನೂರು ಗ್ರಾಂ ಅಕ್ಕಿ ಅಂದರೆ ಸುಮಾರು 360 ಕ್ಯಾಲೊರಿ. ನೂರು ಗ್ರಾಂ ಅನ್ನ ಅಂದರೆ ಬರೀ 130. ಮಿಕ್ಕಿದ್ದೆಲ್ಲ ನೀರು. ಅನ್ನ ತೂಗಿ ಅಕ್ಕಿಯ ಲೆಕ್ಕ ಬರೆದವರು ಉಪವಾಸ ಬೀಳುತ್ತಾರೆ, ಅಕ್ಕಿ ತೂಗಿ ಅನ್ನದ ಲೆಕ್ಕ ಬರೆದವರು ದಪ್ಪಗಾಗುತ್ತಾರೆ.

ಬಿಸಿಬೇಳೆಬಾತಿನ ಭಾನುವಾರ ಮಾತ್ರ ನೋಡುವಂತಿತ್ತು. ಶಾಸ್ತ್ರೋಕ್ತ ವಿಧಾನ ಇಷ್ಟು: ಹಾಕುವ ಪದಾರ್ಥವನ್ನೆಲ್ಲ ತೂಗಿ ಒಟ್ಟು ಕ್ಯಾಲೊರಿ ಕೂಡಿಸಬೇಕು, ಬೆಂದ ಮೇಲೆ ಇಡೀ ಪಾತ್ರೆ ತೂಗಿ ಖಾಲಿ ಪಾತ್ರೆಯ ತೂಕ ಕಳೆಯಬೇಕು, ತಟ್ಟೆಗೆ ಬಿದ್ದದ್ದಕ್ಕೆ ಭಾಗ ಹಾಕಬೇಕು. ಅಕ್ಕಿ, ತೊಗರಿಬೇಳೆ, ಬೀನ್ಸು, ಬಟಾಣಿ, ಕೊಬ್ಬರಿ ಎಲ್ಲ ಬರೆದಾಯಿತು. ಬೆಂದ ಕುಕ್ಕರನ್ನು ಐದು ಕಿಲೋ ತಡೆಯುವ ತಕ್ಕಡಿಯ ಮೇಲಿಟ್ಟರೆ ಅದು ‘ಎರರ್’ ಅಂತ ಕೈಚೆಲ್ಲಿತು. ಅರ್ಧರ್ಧ ಮಾಡಿ ತೂಗಿದರು. ಅಷ್ಟೂ ಹೊತ್ತು ಸುಮ್ಮನಿದ್ದ ಅತ್ತೆ, ಲೆಕ್ಕ ಮುಗಿಯಿತು ಅಂದದ್ದೇ ತಡ, ಸೌಟಿನ ತುಂಬ ತುಪ್ಪದಲ್ಲಿ ಗೋಡಂಬಿ ಹುರಿದು ಚುಂಯ್ ಅಂತ ಮೇಲೆ ಸುರಿದರು.

‘ಅಮ್ಮಾ, ತೂಗಿ ಆಗಿತ್ತಲ್ಲಮ್ಮಾ!’

‘ಒಗ್ಗರಣೆ ಯಾರಾದ್ರೂ ತೂಗ್ತಾರೇನೋ?’

ಮಗ ಅಮ್ಮನಿಗೆ ವಿಜ್ಞಾನ ಹೇಳಿದರು. 1890ರ ದಶಕದಲ್ಲಿ ಅಮೆರಿಕದ ಕನೆಕ್ಟಿಕಟ್‌ನಲ್ಲಿ ವಿಲ್ಬರ್ ಅಟ್‌ವಾಟರ್ ಎಂಬ ವಿಜ್ಞಾನಿ ಮನುಷ್ಯರನ್ನು ಪುಟ್ಟ ಕೋಣೆಯಲ್ಲಿ ಕೂರಿಸಿ, ಅಳೆದು ಉಣ್ಣಿಸಿ, ಮೈಯಿಂದ ಹೊರಟ ಶಾಖವನ್ನು ಲೆಕ್ಕ ಹಾಕಿದ. ಗ್ರಾಂ ಪಿಷ್ಟಕ್ಕೆ 4, ಪ್ರೋಟೀನಿಗೆ 4, ಕೊಬ್ಬಿಗೆ 9 ಕ್ಯಾಲೊರಿ ಅನ್ನುವ ಲೆಕ್ಕ ಅವನದೇ. ಇವತ್ತಿನ ಆ್ಯಪುಗಳೂ ಅದರ ಮೇಲೇ ನಿಂತಿವೆ. ಅತ್ತೆ ಪೂರ್ತಿ ಕೇಳಿದರು. ‘ಕೋಣೇಲಿ ಕೂತವನಿಗೆ ಎರಡನೇ ಸಲ ಬಡಿಸಿದ್ರಾ?’ ಅಂದರು. ಇದಕ್ಕೆ ಅಟ್‌ವಾಟರ್‌ನಲ್ಲೂ ಉತ್ತರವಿರಲಿಕ್ಕಿಲ್ಲ.

ನನ್ನನ್ನು ಕೇಳಿದರೆ ಅಸಲು ಕಳ್ಳ ಚಮಚ. ಆಸ್ಟ್ರೇಲಿಯಾದ ಟೇಬಲ್ ಚಮಚ 20 ಮಿಲಿಲೀಟರು. ಅಮೆರಿಕದವರ ಆ್ಯಪಿನ ಚಮಚ 15. ಇಲ್ಲಿನ ಚಮಚದಲ್ಲಿ ತುಪ್ಪ ಹಾಕಿಕೊಂಡು ಅಲ್ಲಿನ ಆ್ಯಪಿನಲ್ಲಿ ಬರೆದರೆ 160 ಕ್ಯಾಲೊರಿ ಹೊಟ್ಟೆಗೆ, 120 ಪುಸ್ತಕಕ್ಕೆ. ಅದೂ ಒಂದು ಚಮಚಕ್ಕೆ. ಅತ್ತೆಯ ‘ಒಂಚೂರು’ ಎಷ್ಟು ಮಿಲಿಲೀಟರು ಅಂತ ಯಾವ ದೇಶದ ಸರ್ಕಾರವೂ ಗೊತ್ತುಮಾಡಿಲ್ಲ. ಇನ್ನು ಮಗಳು ತಟ್ಟೆಯಲ್ಲಿ ಬಿಟ್ಟ ದೋಸೆಯ ಚೂರು, ಕ್ರಿಕೆಟ್ ನೋಡುತ್ತಾ ಖಾಲಿಯಾದ ಕೋಡುಬಳೆ, ಇವು ಯಾರ ಖಾತೆಗೂ ಬರುವುದಿಲ್ಲ.

ಹಾಗಂತ ಲೆಕ್ಕ ಬಿಡಿ ಅನ್ನುವವಳಲ್ಲ ನಾನು. ಬರೆಯಿರಿ. ಅಕ್ಕಿಯನ್ನು ಅಕ್ಕಿಯಾಗಿದ್ದಾಗಲೇ ತೂಗಿ, ಚಮಚ ನಂಬದೆ ಗ್ರಾಂ ನೋಡಿ. ತುಪ್ಪದ ಡಬ್ಬಿಯನ್ನು ಊಟಕ್ಕೆ ಮುಂಚೆ ಒಮ್ಮೆ, ಊಟವಾದ ಮೇಲೆ ಒಮ್ಮೆ ತಕ್ಕಡಿಗಿಡಿ. ನಡುವಿನ ವ್ಯತ್ಯಾಸ ಎಲ್ಲಿ ಹೋಯಿತು ಅಂತ ಮಾತ್ರ ಅತ್ತೆಯನ್ನು ಕೇಳಬೇಡಿ.